ಬೇಸ್‌ಬಾಲ್ ಕಾರ್ಡುಗಳ ಬೆನ್ನು ಓದುತ್ತಾ: ಹ್ಯಾಂಕ್ ಆರನ್ ಅವರ ಪುಟ

ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ವರ್ಷವಾರು ಜೋಡಿಸಿ, ಆಟಗಾರರ ವೃತ್ತಿಜೀವನವನ್ನು ಅವುಗಳ ಬೆನ್ನಿನಿಂದಲೇ ಓದುವ ಕೆಲಸ ಈ ವಾರ ಅಮೆರಿಕದ ಬ್ಯಾಟರ್ ಹ್ಯಾಂಕ್ ಆರನ್ ಅವರಲ್ಲಿಗೆ ಬಂದು ತಲುಪಿತು. ಮುಂಭಾಗದ ಚಿತ್ರ ಚೆಂದವೇ, ಆದರೆ ಆಯಾ ಕಾಲ ಆಟಗಾರನ ಬಗ್ಗೆ ಏನನ್ನು ಹೇಳಬೇಕೆಂದುಕೊಂಡಿತ್ತು ಎಂಬುದು ತಿಳಿಯುವುದು ಹಿಂಬದಿಯಲ್ಲಿ.

ನನ್ನಲ್ಲಿರುವ ಅತ್ಯಂತ ಹಳೆಯದು ಟಿ206 ಸರಣಿಯ ಒಂದು ಸವೆದ ಕಾರ್ಡು. ಈ ಸರಣಿ 1909ರಿಂದ 1911ರವರೆಗೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿತ್ತು. ಅಗಲ ಒಂದೂವರೆ ಇಂಚೂ ಇಲ್ಲ. ತಿರುಗಿಸಿದರೆ ಪೀಡ್‌ಮಾಂಟ್ ಸಿಗರೇಟಿನ ನೀಲಿ ಜಾಹೀರಾತು, ಅಷ್ಟೇ. ಎಂಟು ಸಲ ಬ್ಯಾಟಿಂಗ್ ಪಟ್ಟ ಗೆದ್ದ ಹೋನಸ್ ವ್ಯಾಗ್ನರ್, 417 ಪಂದ್ಯ ಗೆದ್ದ ಪಿಚರ್ (ಚೆಂಡು ಎಸೆಯುವವರು) ವಾಲ್ಟರ್ ಜಾನ್ಸನ್ ಇಬ್ಬರೂ ಈ ಸರಣಿಯಲ್ಲಿದ್ದಾರೆ. ಅವರ ಬೆನ್ನಿಗೂ ತಂಬಾಕಿನ ಮಾತೇ.

ಅಂಕಿಅಂಶಕ್ಕೆ ಅಚ್ಚುಕಟ್ಟಾದ ಜಾಗ ಕೊಟ್ಟದ್ದು ಕಾರ್ಡು ಅಚ್ಚುಹಾಕುವ ಟಾಪ್ಸ್ ಕಂಪನಿಯ 1952ರ ಸರಣಿ. ಕಂಪನಿಯ ಸೈ ಬರ್ಗರ್ ಅದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ತಮ್ಮ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ ರಟ್ಟು, ಕತ್ತರಿ ಹರಡಿಕೊಂಡು. ಅದರ 311ನೆಯ ಕಾರ್ಡು ಮಿಕ್ಕಿ ಮ್ಯಾಂಟಲ್ ಅವರದು. ನನ್ನದು 1983ರಲ್ಲಿ ಟಾಪ್ಸ್ ಮತ್ತೆ ಮುದ್ರಿಸಿದ ಪ್ರತಿ, ಮೂಲಕ್ಕಿಂತ ಚಿಕ್ಕದು. ಹಿಂಬದಿಯಲ್ಲಿ ಎರಡೇ ಸಾಲು: ಕಳೆದ ವರ್ಷ, ಒಟ್ಟು ವೃತ್ತಿ. ಮ್ಯಾಂಟಲ್ ಆಗ ಆಡಿದ್ದೇ ಒಂದು ವರ್ಷವಾದ್ದರಿಂದ ಎರಡರಲ್ಲೂ 13 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ). ನಿವೃತ್ತರಾದಾಗ ಅದು 536 ಆಗಿತ್ತು. ಆ ಎರಡು ಸಮಾನ ಸಾಲುಗಳನ್ನು ನೋಡುವಾಗಲೆಲ್ಲ ಎದೆ ತುಂಬಿ ಬರುತ್ತದೆ.

ಈಗ ಆರನ್. 1954ರ ಮೊದಲ ಕಾರ್ಡು ನನ್ನ ಕೈಗೆಟುಕುವಂಥದ್ದಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ. 1956ರದು ಸಿಕ್ಕಿತು, ಆದರೆ ನನ್ನ ಆತುರದಿಂದ ಒಂದು ಮೂಲೆ ಮಡಿಚಿಹೋಯಿತು. 1952ರಿಂದ ಆ ವರ್ಷದವರೆಗಿನ ಟಾಪ್ಸ್ ಕಾರ್ಡುಗಳು ದೊಡ್ಡವು; ಆಲ್ಬಮ್ಮಿನ ಒಂಬತ್ತು ಜೇಬಿನ ಹಾಳೆಯಲ್ಲಿ ಕೂರುವುದಿಲ್ಲ, ಎಂಟು ಜೇಬಿನದೇ ಬೇಕು. ಗೊತ್ತಿದ್ದೂ ತುರುಕಿದೆ. ಎರಡು ದಿನ ಬೇರೆ ಯಾವ ಕಾರ್ಡನ್ನೂ ಮುಟ್ಟಲು ಮನಸ್ಸಾಗಲಿಲ್ಲ. ಅಂದ ಹಾಗೆ, ಆ ಕಾರ್ಡಿನಲ್ಲಿ ಓಟ ಮುಗಿಯುವ ಹೋಮ್ ಪ್ಲೇಟಿನತ್ತ ಜಾರಿ ಬರುತ್ತಿರುವವರು ಆರನ್ ಅಲ್ಲ, ಇನ್ನೊಬ್ಬ ಆಟಗಾರ ವಿಲ್ಲಿ ಮೇಸ್. ಟೋಪಿಗೆ ಮಾತ್ರ ಆರನ್ ಅವರ ಬ್ರೇವ್ಸ್ ತಂಡದ ಬಣ್ಣ ಬಳಿದಿದ್ದಾರೆ.

1957ರ ಕಾರ್ಡನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದೆ. ಬಲಗೈ ಬ್ಯಾಟರ್ ಆರನ್ ಇಲ್ಲಿ ಎಡಗೈಯವರಂತೆ ನಿಂತಿದ್ದಾರೆ. ನೆಗೆಟಿವ್ ತಿರುಗಿಮುರುಗಿ ಆಗಿ, ಅಂಗಿಯ ಮೇಲಿನ 44 ಕನ್ನಡಿಯೊಳಗಿನ ಅಂಕಿಯಂತೆ ಕಾಣುತ್ತದೆ. ಅದೇ ವರ್ಷ ಅವರು ಲೀಗಿನ ಅತ್ಯಮೂಲ್ಯ ಆಟಗಾರರಾದರು, ಅವರ ಮಿಲ್ವಾಕಿ ಬ್ರೇವ್ಸ್ ತಂಡ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಇಷ್ಟು ದೊಡ್ಡ ಆಟಗಾರನ ಚಿತ್ರವನ್ನು ಇನ್ನೊಮ್ಮೆ ನೋಡುವ ತಾಳ್ಮೆ ಅಚ್ಚುಕೂಟದಲ್ಲಿ ಇರಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

1974ರ ಹೊತ್ತಿಗೆ ಪರಿಸ್ಥಿತಿ ತಿರುವುಮುರುವಾಗಿದೆ. ಹಿಂದಿನ ವರ್ಷದ ಕೊನೆಗೆ ಆರನ್ 713 ಹೋಮ್ ರನ್‌ಗಳಲ್ಲಿ ನಿಂತಿದ್ದರು. ಬೇಬ್ ರೂತ್ ಅವರ 714ರ ದಾಖಲೆ ಇನ್ನೂ ಮುಂದಿತ್ತು. ಟಾಪ್ಸ್ ಕಾಯಲಿಲ್ಲ. ಸರಣಿಯ ಮೊದಲ ಕಾರ್ಡಿನಲ್ಲೇ ಅವರನ್ನು ಹೋಮ್ ರನ್‌ಗಳ ಹೊಸ ಸಾರ್ವಕಾಲಿಕ ದೊರೆ ಎಂದು ಅಚ್ಚು ಹಾಕಿತು. 715ನೆಯದು ಬಂದದ್ದು ಏಪ್ರಿಲ್ 8ರಂದು, ಅಟ್ಲಾಂಟಾದಲ್ಲಿ. ವರ್ಷಕ್ಕೆ 50 ಎಂದೂ ಹೊಡೆಯದೆ, 47ಕ್ಕಿಂತ ಮೇಲೇರದೆ, ಸಮನಾಗಿ ನಡೆದುಕೊಂಡೇ ಅಲ್ಲಿಗೆ ಮುಟ್ಟಿದವರು ಅವರು.

ಪುಟದ ಕೊನೆಯ ಜೇಬಿನಲ್ಲಿ 1976ರ 550ನೆಯ ಕಾರ್ಡಿದೆ. ಆಟ ಶುರುಮಾಡಿದ ಮಿಲ್ವಾಕಿಗೇ ಮರಳಿ, ಈ ಬಾರಿ ಬ್ರೂವರ್ಸ್ ತಂಡದ ಟೋಪಿಯಲ್ಲಿದ್ದಾರೆ. ಬೆನ್ನಿನ ಒಟ್ಟು ಮೊತ್ತ 745. ಆ ವರ್ಷ ಹೊಡೆದ 10 ಸೇರಿ 755 ಆಗುವಷ್ಟರಲ್ಲಿ ಅವರು ಆಟ ನಿಲ್ಲಿಸಿದ್ದರು. ಚಿಕ್ಕ ಚೀಟಿಯೊಂದರಲ್ಲಿ ಪೆನ್ಸಿಲಿನಿಂದ 10 ಎಂದು ಬರೆದು, ಕಾರ್ಡಿನ ಹಿಂದೆ ಅದೇ ಜೇಬಿಗೆ ಇಳಿಸಿದ್ದೇನೆ.