ಕೊಳೆ ಬಂದ ಮರಕ್ಕೂ ಒಂದು ಎಡೆ

ಇವತ್ತು ಭೂಮಿ ಹುಣ್ಣಿಮೆ. ಬೆಳಗಿನ ಜಾವವೇ ಅಮ್ಮ ಬುಟ್ಟಿ ಹೊತ್ತು ಹೊರಟಳು. ಹಿಂದೆ ನಾನು, ಟಾರ್ಚ್ ಹಿಡಿದು.

ಗದ್ದೆ ಪೂಜೆ ಮುಗೀತು. ಭತ್ತ ಹೊಡೆ ಕಟ್ಟಿದೆ, ಭೂಮ್ತಾಯಿ ಬಸುರಿ, ಅವಳಿಗೆ ಬಯಕೆ ಊಟ. ಅದು ಸರಿ.

ಆದರೆ ಅಲ್ಲಿಂದ ಸೀದಾ ತೋಟಕ್ಕೆ ಇಳಿದಳು. ಈ ಸಲ ನಮ್ಮ ಅಡಿಕೆ ತೋಟ ನೋಡೋ ಹಾಗಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಲೆಕ್ಕ ತಪ್ಪದೆ ಕಲಸಿ, ಕಾಯಿ ಉದುರಿಸೋ ಕೊಳೆರೋಗ ಬರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಸಿದ್ವಿ. ಮಳೆ ಹೊಳವಾಗಲೇ ಇಲ್ಲ. ಎರಡನೇ ಸಲ ಹೊಡೆಯೋಕೆ ಮರ ಹತ್ತೋರಿಗೆ ಒಂದು ಒಣ ದಿನ ಸಿಗಲಿಲ್ಲ. ಕೊಳೆ ಬಂತು. ಹಸಿರು ಕಾಯಿ ಬುಡದ ತುಂಬಾ.

ಅಮ್ಮ ಹುಡುಕಿ ಹುಡುಕಿ, ಅತಿ ಹೆಚ್ಚು ಉದುರಿದ ಮರದ ಬುಡಕ್ಕೇ ಬಾಳೆಲೆ ಹಾಸಿದಳು. ಸೌತೆಕಾಯಿ ಕಡುಬು ಬಡಿಸಿದಳು. ಅದೂ ಒಡೆಯದ, ದುಂಡಗಿನದ್ದು. (ಒಡೆದದ್ದೆಲ್ಲ ಮನೆಯೋರಿಗೆ.)

"ಇದೇನು ಕೊಟ್ಟಿದೆ ಅಂತ ಇದಕ್ಕೆ ಎಡೆ?" ಅಂದೆ.

"ಜ್ವರ ಬಂದೋರಿಗೆ ಊಟ ಹಾಕಲ್ವನಾ ಮಾರಾಯ?"

ಸುಮ್ಮನಾದೆ.

ನಂಬಿಕೆ ಇರೋರು ಏನೇ ಆದ್ರೂ ನಗ್ತಾನೇ ಇರ್ತಾರೆ ಅನ್ನೋ ಮಾತು ನನಗೆ ಹಿಡಿಸಲ್ಲ. ಇದೇ ಅಮ್ಮ ಶ್ರಾವಣ ಪೂರ್ತಿ ಜಗಲಿ ಮೇಲೆ ನಿಂತು ಮಳೆಗೂ ಬೈದಿದ್ದಾಳೆ, ದೇವರಿಗೂ ಬೈದಿದ್ದಾಳೆ. ಬೈದವಳೇ ಇವತ್ತು ಕೈ ಮುಗಿದಳು. ಎರಡೂ ನಾಟಕ ಅಲ್ಲ. ಪರಿಚಯ ಇರೋರ ಹತ್ರ ಮಾತ್ರ ಹಾಗೆ ಬೈಯೋಕೆ ಆಗೋದು ಅನ್ಸುತ್ತೆ.

ನಾಳೆ ಸೊಸೈಟಿಗೆ ಹೋಗಿ ಸಾಲದ ಕಂತಿನ ವಿಚಾರ ಮಾತಾಡಬೇಕು. ಅಮ್ಮನನ್ನೇ ಕರ್ಕೊಂಡು ಹೋಗೋಣ ಅಂತಿದೀನಿ!