ಬಾಯಿಹುಣ್ಣು ಯಾರ ತಪ್ಪು?

ಅಣ್ಣನ ಮಗ ಪುಟ್ಟನಿಗೆ ರಕ್ತದ ಕ್ಯಾನ್ಸರ್. ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. ಮಕ್ಕಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಕ್ಯಾನ್ಸರ್ ಇದೇ. ಬೆಂಗಳೂರಿನಲ್ಲಿ ಮೆಥೋಟ್ರೆಕ್ಸೇಟ್ ಅನ್ನುವ ಕೀಮೋ ಔಷಧಿಯ ಡ್ರಿಪ್ ಮುಗಿಸಿ ತೀರ್ಥಹಳ್ಳಿ ಹತ್ತಿರದ ಮನೆಗೆ ಕರೆತಂದ ಕೆಲವೇ ದಿನಕ್ಕೆ ಅವನ ಬಾಯಿ ಕೆಂಪಾಯಿತು. ಆಮೇಲೆ ತುಟಿಯ ಒಳಗೆ, ನಾಲಿಗೆಯ ಅಂಚಿನಲ್ಲಿ ಹುಣ್ಣು. ಎಂಜಲು ನುಂಗಲೂ ಅಳುತ್ತಿದ್ದ.

‘ಉಷ್ಣ ಆಗಿದೆ’ ಅಂದಳು ಅಮ್ಮ. ನಮ್ಮ ಕಡೆ ಬಾಯಿಹುಣ್ಣು ಅಂದರೆ ಮೊದಲು ಬರುವ ಮಾತು ಅದು. ತಂಬುಳಿಗೆ ಅಂತ ಒಂದೆಲಗ ಕಿತ್ತು ತಂದಳು. ನೋಡಲು ಬಂದವರೊಬ್ಬರು, ‘ತಾಯಿ ಬಾಯಿ ಸರಿಯಾಗಿ ತೊಳೆಸಿಲ್ಲವೇನೋ’ ಅಂದುಬಿಟ್ಟರು. ಅತ್ತಿಗೆ ಸುಮ್ನೆ ಕೂತಿದ್ದರು. ಆಸ್ಪತ್ರೆಯಲ್ಲಿ ಪಕ್ಕದ ಬೆಡ್‌ನ ಹುಡುಗಿಗೂ ಅದೇ ಔಷಧಿ ಕೊಟ್ಟಿದ್ದರು. ಅವಳು ಆರಾಮಾಗಿ ಅವಲಕ್ಕಿ ತಿನ್ನುತ್ತಿದ್ದಾಳಂತೆ. ಆ ಸುದ್ದಿ ಕೇಳಿದ ಮೇಲೆ ಅತ್ತಿಗೆ ತಾನೇ ಏನೋ ಕಡಿಮೆ ಮಾಡಿದೆ ಅಂತ ನಂಬಿಕೊಂಡಿದ್ದರು.

ಸಂಜೆ ಪುಟ್ಟನ ಮೈ ಬಿಸಿಯಾಯಿತು. ಕೀಮೋ ಆದ ಮಗುವಿಗೆ ಜ್ವರ ಬಂದರೆ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗಕ್ಕೆ ಬಂದೆವು. ಆ್ಯಂಟಿಬಯೋಟಿಕ್ ಶುರು ಮಾಡಿ, ನೋವಿಗೆ ಔಷಧಿ ಕೊಟ್ಟ ಮೇಲೆ ಮಕ್ಕಳ ಡಾಕ್ಟರ್ ನಮ್ಮ ಜೊತೆ ಕೂತರು. ಅಷ್ಟು ಹೊತ್ತು ಕೊಟ್ಟಿದ್ದಕ್ಕೆ ಅವರಿಗೆ ನಾನು ಋಣಿ.

‘ನೋಡಿ ಅಮ್ಮ, ಬೇಗ ಬೇಗ ಹುಟ್ಟುವ ಕೋಶಗಳನ್ನು ಈ ಔಷಧಿ ತಡೆಯುತ್ತೆ. ಬಾಯಿಯ ಒಳಪದರವೂ ಅಂಥದ್ದೇ. ಎಷ್ಟು ಪೆಟ್ಟು ಬೀಳುತ್ತೆ ಅನ್ನೋದು ಮಗುವಿಂದ ಮಗುವಿಗೆ ಬೇರೆ’ ಅಂದರು. ಮೆಥೋಟ್ರೆಕ್ಸೇಟನ್ನು ರಕ್ತದಿಂದ ಲಿವರ್ ಒಳಗೆ ಎಳೆದುಕೊಳ್ಳುವ ಕೆಲಸ ಎಸ್‌ಎಲ್‌ಸಿಒ1ಬಿ1 ಅನ್ನುವ ಜೀನ್‌ನದು. ಅದು ಕೆಲವರಲ್ಲಿ ನಿಧಾನ, ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಈ ಔಷಧಿ ತಡೆಯುವುದು ಫೋಲೇಟ್ ಅನ್ನುವ ವಿಟಮಿನ್‌ನ ಕೆಲಸವನ್ನು; ಆ ಫೋಲೇಟ್ ಬಳಸುವ ಎಂಟಿಎಚ್‌ಎಫ್‌ಆರ್ ಜೀನ್ ಬಗ್ಗೆಯೂ ತುಂಬಾ ಅಧ್ಯಯನ ಆಗಿದೆ, ಆದರೆ ಎಲ್ಲವೂ ಒಂದೇ ಮಾತು ಹೇಳುತ್ತಿಲ್ಲ. 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುವ ಡೌನ್ ಸಿಂಡ್ರೋಮ್ ಮಕ್ಕಳಿಗಂತೂ ಈ ಔಷಧಿಯಿಂದ ಬಾಯಿ ಹೆಚ್ಚು ಕೆಡುತ್ತದೆ.

‘ಹಾಗಾದ್ರೆ ಇದು ಯಾರ ಕಡೆಯಿಂದ ಬಂತು?’ ಅಂತ ಅಮ್ಮ ಕೇಳಿದಳು. ನನಗೆ ಎದೆ ಧಸಕ್ಕೆಂದಿತು. ಒಂದು ಆರೋಪ ಇಳಿಯುವ ಮೊದಲೇ ಇನ್ನೊಂದು ಅತ್ತಿಗೆಯ ತಲೆಗೆ ಬರುತ್ತಿತ್ತು. ಡಾಕ್ಟರ್ ತಡಮಾಡಲಿಲ್ಲ. ‘ಪ್ರತಿ ಜೀನ್‌ನಲ್ಲೂ ಒಂದು ಅಪ್ಪಂದು, ಒಂದು ಅಮ್ಮಂದು. ಇದು ರೋಗ ಅಲ್ಲ ಅಜ್ಜಿ. ಕೀಮೋ ಕೊಡದೇ ಇದ್ದಿದ್ರೆ ಇಂಥದ್ದು ಇದೆ ಅಂತ ಗೊತ್ತೇ ಆಗ್ತಿರಲಿಲ್ಲ.’ ಅಮ್ಮ ಮತ್ತೆ ಆ ಪ್ರಶ್ನೆ ಎತ್ತಲಿಲ್ಲ.

ಪುಟ್ಟನಿಗೆ ಜೀನ್ ಪರೀಕ್ಷೆ ಮಾಡಿಸಿಲ್ಲ. ಅದನ್ನು ನೋಡಿ ಮೆಥೋಟ್ರೆಕ್ಸೇಟ್ ಡೋಸ್ ಬದಲಿಸುವ ರೂಢಿ ಇನ್ನೂ ಬಂದಿಲ್ಲ. ಮುಂದೆ ಕೊಡುವ ಇನ್ನೊಂದು ಕೀಮೋ ಔಷಧಿ, 6-ಎಂಪಿ (ಮರ್ಕ್ಯಾಪ್ಟೊಪ್ಯೂರಿನ್) ಮಾತ್ರೆಯ ಕಥೆ ಬೇರೆ. ಟಿಪಿಎಂಟಿ, ಎನ್‌ಯುಡಿಟಿ15 ಅನ್ನುವ ಜೀನ್‌ಗಳಲ್ಲಿ ವ್ಯತ್ಯಾಸ ಇದ್ದರೆ ಆ ಮಾತ್ರೆಯಿಂದ ರಕ್ತಕಣ ತೀರಾ ಇಳಿಯಬಹುದು, ಹಾಗಾಗಿ ಡೋಸ್ ಇಳಿಸುತ್ತಾರೆ. ಎರಡನೆಯದರ ವ್ಯತ್ಯಾಸ ಏಷ್ಯಾದವರಲ್ಲಿ ಜಾಸ್ತಿ. ಆ ಪರೀಕ್ಷೆ ಕೇಳಿ ಮಾಡಿಸಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ.

ತಂಬುಳಿ ಬೇಡ ಅಂದರು, ರಕ್ತಕಣ ಕಡಿಮೆ ಇರುವಾಗ ಹಸಿ ಸೊಪ್ಪು ಆಗದು. ಹುಳಿ, ಖಾರವೂ ಇಲ್ಲ. ಮನೆಗೆ ಬಂದ ಮೇಲೆ ಅಮ್ಮ ಗಂಜಿಯನ್ನು ಮೆತ್ತಗೆ ಬೇಯಿಸಿ, ಸೋಸಿ, ಆರಿಸಿ, ತುಪ್ಪ ಹಾಕಿ ಕೊಟ್ಟಳು. ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡ ಹಾಕಿ ಪುಟ್ಟನ ಬಾಯಿ ತೊಳೆಸುವುದು ಅಣ್ಣನ ಪಾಲಿನ ಕೆಲಸ.

ಮುಂದಿನ ಡೋಸ್‌ಗೆ ಮೊದಲು ಹಲ್ಲು ತೋರಿಸಬೇಕು. ಡೋಸ್ ಆದ ಮೇಲೆ ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ನೋಡುತ್ತಾ, ಅದು ಇಳಿಯುವವರೆಗೆ ಅದರ ಪೆಟ್ಟಿನಿಂದ ಒಳ್ಳೆಯ ಕೋಶಗಳನ್ನು ಕಾಯುವ ಫೋಲಿನಿಕ್ ಆಸಿಡ್ ಕೊಡುತ್ತಾರೆ. ಈ ಸಲ ಪ್ರತಿ ಲೆವೆಲ್ ಎಷ್ಟು ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳುತ್ತೇನೆ ಅಂತ ಅತ್ತಿಗೆ ಹೇಳಿದ್ದಾರೆ.