ಯುರೋಪಿಯಂ ಎಲ್ಲಿ ಹೋಯಿತು?

ಫೆಬ್ರವರಿ 11, 2025, ಮಂಗಳವಾರ

ಇಡೀ ದಿನ ಗ್ರಾಫಿನ ಮೇಲಿನ ಒಂದೇ ಒಂದು ತಗ್ಗನ್ನು ನೋಡುತ್ತ ಕಳೆದೆ.

ನನ್ನ ಗ್ರಾನೈಟ್ ಮಾದರಿಗಳ ವಿಶ್ಲೇಷಣೆಯ ಮೊದಲ ಕಂತು ಪ್ರಯೋಗಾಲಯದಿಂದ ಬಂದಿದೆ. ಲ್ಯಾಂಥನಂನಿಂದ ಲುಟೀಶಿಯಂವರೆಗೆ, ಒಂದನ್ನೊಂದು ಬಹಳ ಹೋಲುವ ಲೋಹಗಳಾದ ವಿರಳ ಭೂ ಧಾತುಗಳ ಸಾಲು; ಯುರೋಪಿಯಂ ಅವುಗಳಲ್ಲೊಂದು. ನಡುವೆ ಪ್ರೊಮೀಥಿಯಂನ ಮನೆ ಖಾಲಿ. ಅದಕ್ಕೆ ಸ್ಥಿರವಾದ ಐಸೊಟೋಪೇ ಇಲ್ಲ. ಅಂಕಿಗಳನ್ನು ಬಂದ ಹಾಗೆಯೇ ಗ್ರಾಫಿಗೆ ಏರಿಸಿದರೆ ಗರಗಸದ ಹಲ್ಲುಗಳು ಕಾಣಿಸುತ್ತವೆ, ಏಕೆಂದರೆ ಸಮ ಪರಮಾಣು ಸಂಖ್ಯೆಯ ಧಾತುಗಳು ಅಕ್ಕಪಕ್ಕದ ಬೆಸ ಸಂಖ್ಯೆಯವುಗಳಿಗಿಂತ ಹೆಚ್ಚಿರುತ್ತವೆ. ಆದ್ದರಿಂದ ಪ್ರತಿಯೊಂದನ್ನೂ ಕಾಂಡ್ರೈಟ್ ಎಂಬ, ಸೌರಮಂಡಲದ ಆರಂಭದಿಂದ ಹೆಚ್ಚು ಬದಲಾಗದ ಉಲ್ಕಾಶಿಲೆಯಲ್ಲಿರುವ ಅದೇ ಧಾತುವಿನ ಪ್ರಮಾಣದಿಂದ ಭಾಗಿಸಬೇಕು. ಭಾಗಿಸಿದ ಕೂಡಲೇ ಹಲ್ಲುಗಳು ಮಾಯವಾಗಿ, ಎಡದಿಂದ ಬಲಕ್ಕೆ ನಯವಾಗಿ ಇಳಿಯುವ ಗೆರೆ ಉಳಿಯುತ್ತದೆ. ಆ ನಯ ಕೆಡುವುದು ಯುರೋಪಿಯಂ ಬಂದಾಗ.

ಸಮೇರಿಯಂ ದಶಲಕ್ಷಕ್ಕೆ 4.5 ಭಾಗ, ಗ್ಯಾಡೊಲಿನಿಯಂ 3.8, ಯುರೋಪಿಯಂ 0.7. ಮೂರನ್ನೂ ಉಲ್ಕಾಶಿಲೆಯ ಅಂಕಿಗಳಿಂದ ಭಾಗಿಸಿ, ಯುರೋಪಿಯಂ ಅನ್ನು ಅದರ ಎರಡು ಬದಿಯವುಗಳ ಗುಣಲಬ್ಧದ ವರ್ಗಮೂಲಕ್ಕೆ ಹೋಲಿಸಿದರೆ 0.52 ಸಿಗುತ್ತದೆ. ಅಂದರೆ ಇರಬೇಕಾಗಿದ್ದುದರ ಅರ್ಧದಷ್ಟೇ ಇದೆ.

ಈ ಗುಂಪಿನ ಧಾತುಗಳು ಸಾಮಾನ್ಯವಾಗಿ ಮೂರು ಧನಾವೇಶದ ಅಯಾನುಗಳು. ಸಾಲಿನಲ್ಲಿ ಮುಂದೆ ಹೋದಂತೆ ಗಾತ್ರ ತುಸು ತುಸುವೇ ಕುಗ್ಗುತ್ತದೆ. ಆಮ್ಲಜನಕದ ಒತ್ತಡ ಕಡಿಮೆಯಿರುವ ಶಿಲಾಪಾಕದಲ್ಲಿ, ಅಂದರೆ ಕರಗಿದ ಕಲ್ಲಿನಲ್ಲಿ, ಯುರೋಪಿಯಂ ಮಾತ್ರ ಎರಡು ಆವೇಶಕ್ಕೆ ಇಳಿಯುತ್ತದೆ. ಆಗ ಅದು ಹಿಗ್ಗಿ ಹೆಚ್ಚುಕಡಿಮೆ ಸ್ಟ್ರಾನ್ಷಿಯಂನಷ್ಟು ದೊಡ್ಡದಾಗುತ್ತದೆ, ಪ್ಲೇಜಿಯೋಕ್ಲೇಸ್ (ಕ್ಯಾಲ್ಸಿಯಂ, ಸೋಡಿಯಂ ಇರುವ ಫೆಲ್ಡ್‌ಸ್ಪಾರ್ ಖನಿಜ) ಹರಳು ಅದನ್ನು ಕ್ಯಾಲ್ಸಿಯಂನ ಜಾಗದಲ್ಲಿ ಸಲೀಸಾಗಿ ಕೂರಿಸಿಕೊಳ್ಳುತ್ತದೆ. ಆ ಹರಳು ಶಿಲಾಪಾಕದಿಂದ ಬೇರ್ಪಟ್ಟರೆ ಯುರೋಪಿಯಂ ಕೂಡ ಅದರ ಹಿಂದೆಯೇ ಹೋಯಿತು. ಹಾಗೆ ಬೇರ್ಪಟ್ಟು ಹೋದ ಹರಳಿನ ಸುಳಿವು, ಉಳಿದ ದ್ರವದಿಂದಾದ, ನನ್ನ ಕೈಯಲ್ಲಿರುವ ಈ ಕಲ್ಲಿನಲ್ಲಿ ಸಿಗುತ್ತದೆ. ಭೂರಸಾಯನಶಾಸ್ತ್ರ ನನ್ನನ್ನು ಸೆಳೆದದ್ದು ಇದರಿಂದಲೇ: ಇಲ್ಲಿ ಕೊರತೆಯನ್ನೂ ಅಳೆದು ಸಾಕ್ಷಿ ನುಡಿಸಬಹುದು.

ಚಂದ್ರನ ಕಥೆಗೂ ಈ ತಗ್ಗು ದೊಡ್ಡ ಆಧಾರ. 1969ರಲ್ಲಿ ಅಪೊಲೊ 11 ತಂದ ಕಪ್ಪು ಬಸಾಲ್ಟಿನಲ್ಲಿ ಯುರೋಪಿಯಂನ ತಗ್ಗು ಆಳವಾಗಿತ್ತು. ಜೊತೆಗೆ ಬಂದ ಮಣ್ಣಿನಲ್ಲಿ ಬಹುಪಾಲು ಪ್ಲೇಜಿಯೋಕ್ಲೇಸ್‌ನಿಂದಲೇ ಆದ ಬಿಳಿ ಚೂರುಗಳಿದ್ದವು. ಎಳೆಯ ಚಂದ್ರನನ್ನು ಶಿಲಾಪಾಕದ ಸಾಗರ ಆವರಿಸಿತ್ತು, ಹಗುರವಾದ ಈ ಹರಳುಗಳು ತೇಲಿ ಮೇಲೆದ್ದು ತೊಗಟೆಯಾದವು ಎಂಬ ವಾದ 1970ರಲ್ಲಿ ಹುಟ್ಟಿದ್ದು ಆ ಚೂರುಗಳಿಂದ. ಎತ್ತರ ಪ್ರದೇಶಗಳ ಬಿಳಿ ಶಿಲೆಯಲ್ಲಿ ಯುರೋಪಿಯಂ ಉಬ್ಬಿದೆ, ಬಸಾಲ್ಟಿನಲ್ಲಿ ತಗ್ಗಿದೆ. ಜಮೆ ಮತ್ತು ಖರ್ಚು ತಾಳೆಯಾಗುತ್ತವೆ.

‘ತಗ್ಗು ಇದ್ದರೆ ಪ್ಲೇಜಿಯೋಕ್ಲೇಸ್ ಹೋಗಿದೆ’ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೋದದ್ದು ಯಾವಾಗ? ತಣಿಯುವ ಶಿಲಾಪಾಕದಿಂದ ಹರಳು ಬೇರೆಯಾಗಿರಬಹುದು. ಅಥವಾ ಆಳದಲ್ಲಿ ಮೂಲಶಿಲೆ ಅರೆಬರೆ ಕರಗಿದಾಗ ಕರಗದೆ ಅಲ್ಲಿಯೇ ಉಳಿದಿರಬಹುದು. ಮೂಲಶಿಲೆಗೇ ಕೊರತೆ ಇದ್ದಿರಲೂಬಹುದು: ಜೇಡಿಶಿಲೆಗಳಲ್ಲಿ ಯುರೋಪಿಯಂನ ಈ ಅನುಪಾತ (ನನ್ನ ಮಾದರಿಯಲ್ಲಿ 0.52) ಸರಾಸರಿ 0.65ರ ಆಸುಪಾಸಿನಲ್ಲಿದೆ, ಅಂಥದ್ದು ಕರಗಿ ಹುಟ್ಟಿದ ಗ್ರಾನೈಟಿಗೆ ತಗ್ಗು ಪಿತ್ರಾರ್ಜಿತ. ಹೆಚ್ಚು ಉತ್ಕರ್ಷಣಗೊಂಡ ಶಿಲಾಪಾಕದಲ್ಲಿ ಯುರೋಪಿಯಂ ಮೂರು ಆವೇಶದಲ್ಲೇ ಉಳಿಯುವುದರಿಂದ, ಪ್ಲೇಜಿಯೋಕ್ಲೇಸ್ ಎಷ್ಟು ಬೇರೆಯಾದರೂ ತಗ್ಗು ಮೂಡದೆ ಇರುವುದೂ ಉಂಟು. ಒಂದು ಸಾಲಿನ ಉತ್ತರಕ್ಕೆ ಅಂಕ ಕೊಡುವುದೇ ತಪ್ಪು ಎನ್ನಿಸುತ್ತದೆ.

ಸ್ಟ್ರಾನ್ಷಿಯಂ ಕೂಡ ಪ್ಲೇಜಿಯೋಕ್ಲೇಸ್ ಹರಳಿಗೆ ಸೇರುವುದರಿಂದ, ಅದರ ಅಂಕಿಗಳು ಬಂದರೆ ಸ್ವಲ್ಪ ಬೆಳಕು ಬಿದ್ದೀತು. ಹರಳುಗಳು ಹಂತಹಂತವಾಗಿ ಬೇರೆಯಾಗಿದ್ದರೆ, ಮಾದರಿಯಿಂದ ಮಾದರಿಗೆ ಸ್ಟ್ರಾನ್ಷಿಯಂ ಪ್ರಮಾಣವೂ ಯುರೋಪಿಯಂ ಅನುಪಾತವೂ ಒಟ್ಟಿಗೆ ಇಳಿಯಬೇಕು. ಸಹಪಾಠಿಯೊಬ್ಬಳು ಸಂಜೆ ಹೊಸ ತಕರಾರು ತೆಗೆದಳು: ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಕೂಡ ಯುರೋಪಿಯಂ ನುಂಗುತ್ತದೆಯಲ್ಲ, ಅದನ್ನು ಹೇಗೆ ಬೇರ್ಪಡಿಸುತ್ತೀಯೆ? ಆ ಹರಳು ಬೇರಿಯಂ ಅನ್ನೂ ಒಯ್ಯುತ್ತದೆ. ಹಾಗಾಗಿ ಅಳೆಯಬೇಕಾದ ಧಾತುಗಳ ಪಟ್ಟಿಗೆ ಬೇರಿಯಂ ಸೇರಿಸಿದ್ದೇನೆ.